ಉಡಿ ತುಂಬುವ ಪಾಳಿ

ನಮ್ಮ ಓಣಿಯ ಮಹಿಳಾ ಸೇವಾ ಸಂಘದ ಇತಿಹಾಸ ಬರೆದುಕೊಡಿ ಎಂದು ನನ್ನನ್ನು ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಗುಂಜಿಯಲ್ಲಿ ರೈಲು ಹತ್ತಿ ಬೆಳಗಾವಿಗೆ ಬಂದು, ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಉಸುಕು ಸೋಸುವ ಕೆಲಸದಿಂದ ಶುರುಮಾಡಿ, ಕೈ ಸುಟ್ಟುಕೊಂಡು ವೆಲ್ಡಿಂಗ್ ಕಲಿತು, ಈಗ ಅಲ್ಲೇ ಸ್ವಂತ ಶೆಡ್ ಹಾಕಿಕೊಂಡಿದ್ದೇನೆ. ಯಾರ ಬಾಗಿಲಲ್ಲೂ ಕೈ ಒಡ್ಡಿ ನಿಂತವನಲ್ಲ. ಸಂಘದವರು ತಮ್ಮ ಇತಿಹಾಸವನ್ನು ತಾವೇ ಬಣ್ಣದ ಫೋಟೊಗಳ ಪುಸ್ತಕವಾಗಿ ತಂದಿದ್ದಾರೆ. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ. ನಾನು ಬರೆಯುತ್ತಿರುವುದು ಆ ಪುಸ್ತಕಕ್ಕೆ ಬೇಡವಾದ ಒಂದು ವರ್ಷದ ಸಂಗತಿ.

ಸಂಘ ಹುಟ್ಟಿದ್ದು ಒಂದು ಸಂಕ್ರಾಂತಿಯ ಅರಿಶಿನ-ಕುಂಕುಮದಲ್ಲಿ. ನಮ್ಮ ಕಡೆ ಆ ಹಬ್ಬಕ್ಕೆ ಮುತ್ತೈದೆಯರು ಒಬ್ಬರನ್ನೊಬ್ಬರು ಮನೆಗೆ ಕರೆದು, ಕುಂಕುಮ ಹಚ್ಚಿ, ಎಳ್ಳುಬೆಲ್ಲದ ಜೊತೆಗೆ ಏನಾದರೂ ಒಂದು ಸಣ್ಣ ಸಾಮಾನು ಕೈಗಿಡುತ್ತಾರೆ. ವಾಣ ಅಂತಾರೆ ಅದಕ್ಕೆ. ಸ್ಟೀಲಿನ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ, ಹಣಿಗೆ, ಇಂಥವು. ಬಳಸದೆ ಎತ್ತಿಟ್ಟ ಬಟ್ಟಲನ್ನು ಮರುವರ್ಷ ಇನ್ನೊಬ್ಬರಿಗೆ ದಾಟಿಸುವುದರಿಂದ ಅದು ಓಣಿ ಸುತ್ತಿ ತಿರುಗಿ ಕೊಟ್ಟವರ ಮನೆಗೇ ಬಂದುಬಿಡುತ್ತಿತ್ತು. ಹಾಗೆ ತಮ್ಮದೇ ಬಟ್ಟಲು ತಮ್ಮ ಕೈಗೆ ಬಂದದ್ದನ್ನು ಕಂಡು ಮಾತೆತ್ತಿದವರು ನಮ್ಮ ಓಣಿಯ ಅಕ್ಕೋರು. ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದರು, ಸಣ್ಣವರು ದೊಡ್ಡವರು ಎನ್ನದೆ ಎಲ್ಲರೂ ಅಕ್ಕೋರೇ ಎನ್ನುತ್ತಿದ್ದರು. ಈ ಸಲ ಯಾರೂ ವಾಣ ತರುವುದು ಬೇಡ, ಆ ರೊಕ್ಕ ಕೂಡಿಸಿ ಖಾನಾಪುರದ ಕಡೆಯ ಗಂಡ ಸತ್ತ ಒಬ್ಬ ಹೆಣ್ಣುಮಗಳಿಗೆ ಹೊಲಿಗೆ ಮಶೀನು ಕೊಡಿಸೋಣ ಎಂದರು. ಕೊಡಿಸಿದರು. ಮರುವರ್ಷವೂ ಕೊಡಿಸಿದರು. ಸಂಘ ಆಯಿತು, ಬ್ಯಾನರ್ ಆಯಿತು, ಫೋಟೊ ತೆಗೆಯುವವನು ಬಂದ. ಮಶೀನುಗಳಿಗೆ ಕಬ್ಬಿಣದ ಸ್ಟ್ಯಾಂಡು ಮಾಡಿಕೊಡುತ್ತಿದ್ದವನು ನಾನು. ಆ ಸ್ಟ್ಯಾಂಡುಗಳ ಬಲದ ಮೇಲೆ ನನ್ನ ಹೆಂಡತಿ ಸಂಘದ ಸದಸ್ಯೆಯಾದಳು.

ಚುನಾವಣೆ ಇಟ್ಟರೆ ಜಗಳವಾಗುತ್ತದೆ ಎಂದು ಅಧ್ಯಕ್ಷಗಿರಿಗೆ ಪಾಳಿ ಮಾಡಿಕೊಂಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ವರ್ಷ. ಅಕ್ಕೋರು ವಯಸ್ಸಿನಲ್ಲಿ ಹಿರಿಯರಾದವರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಂತರು. ಸಂಕ್ರಾಂತಿಯ ದಿನ ಹಳೆಯ ಅಧ್ಯಕ್ಷೆ ಹೊಸ ಅಧ್ಯಕ್ಷೆಯ ಉಡಿ ತುಂಬುತ್ತಾಳೆ. ಸೆರಗಿನಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಖಣ, ಅರಿಶಿನ ಬೇರು ಬಿದ್ದರೆ ಅಧಿಕಾರ ಬಂದಂತೆ. ಯಾರೂ ಕೂತು ಈ ನಿಯಮ ಮಾಡಿದ್ದಲ್ಲ. ಮೊದಲ ವರ್ಷ ಪ್ರೀತಿಗೆ ಮಾಡಿದರು, ಎರಡನೇ ವರ್ಷ ಅದನ್ನು ನೋಡಿ ಮಾಡಿದರು, ಮೂರನೇ ವರ್ಷಕ್ಕೆ ಅದು ಹಿಂದಿನಿಂದ ನಡೆದುಬಂದ ಪದ್ಧತಿ ಆಗಿಬಿಟ್ಟಿತ್ತು.

ಅಕ್ಕೋರ ಪಾಳಿ ಬರುವ ಹೊತ್ತಿಗೆ ಸರಿಯಾಗಿ ಅವರ ಗಂಡ ತೀರಿಕೊಂಡರು. ಮಾತಾಡಿಸಲು ಹೋದ ಹೆಂಗಸರು ಚಾಪೆಯ ಮೇಲೆ ಕೂತು ಅತ್ತು, ಹೊರಗೆ ಬಂದು ಚಪ್ಪಲಿ ಮೆಟ್ಟುವಾಗಲೇ ಉಡಿಯ ಮಾತು ತೆಗೆದಿದ್ದರು. ಗಂಡನಿಲ್ಲದವಳ ಉಡಿ ತುಂಬುವುದು ಹೇಗೆ? ಅಕ್ಕೋರು ಸಭೆಗೆ ಬಂದು, ನಾವು ಬಸವಣ್ಣನವರ ದಾರಿಯಲ್ಲಿ ನಡೆಯುವವರು, ನಮ್ಮ ಮನೆಯಲ್ಲಿ ಸೂತಕ ಅನ್ನುವುದಿಲ್ಲ, ಆದರೂ ನಿಮ್ಮ ಮನಸ್ಸಿಗೆ ಬಾರದಿದ್ದರೆ ಉಡಿ ಬಿಡಿ, ಒಂದು ಹಾರ ಹಾಕಿದರೆ ಸಾಕು ಎಂದರು. ಆಗ ಎದ್ದು ನಿಂತು ಆಗುವುದಿಲ್ಲ ಎಂದವಳು ನನ್ನ ಹೆಂಡತಿ. ಮಿಕ್ಕವರ ಹೊಟ್ಟೆಯಲ್ಲಿದ್ದದ್ದೂ ಅದೇ, ಬಾಯಿ ಮಾತ್ರ ಇವಳದು. ಅಕ್ಕೋರನ್ನು ಸಲಹೆಗಾರರು ಎಂದು ಕರೆದು, ಮಶೀನು ಯಾವ ವಿಧವೆಗೆ ಕೊಡಬೇಕು ಎಂದು ಹುಡುಕುವ ಕೆಲಸ ಒಪ್ಪಿಸಿದರು. ಅವರ ಕಷ್ಟ ಇನ್ನು ನಿಮಗೆ ಚಲೋ ತಿಳಿಯುತ್ತದೆ ಎಂದು ಹೇಳಿ ಚಪ್ಪಾಳೆ ತಟ್ಟಿದರು.

ಗಂಡ ಸತ್ತವಳಿಗೆ ಮಶೀನು ಕೊಡುವವರಿಗೆ ಕುರ್ಚಿ ಕೊಡಲು ಏನು ಧಾಡಿ ಎಂದು ನಾನು ಮನೆಯಲ್ಲಿ ಕೇಳಿದೆ.

"ಕಬ್ಬಿಣಾ ಬಡಿಯೋರಿಗೆ ಇದೆಲ್ಲಾ ತಿಳಿಯೂದಿಲ್ಲ," ಎಂದಳು. "ಪದ್ಧತಿ ಅಂದ್ರ ಪದ್ಧತಿ."

ಅವಳ ಬಗ್ಗೆಯೂ ಹೇಳಬೇಕು. ಖಾನಾಪುರದ ಹುಡುಗಿ, ಒಂದು ಮಾತು ಕನ್ನಡ ಒಂದು ಮಾತು ಮರಾಠಿ ಆಡುವ ಮನೆಯಲ್ಲಿ ಬೆಳೆದವಳು. ಸಂಘದಲ್ಲಿ ಅವಳನ್ನು ವೆಲ್ಡಿಂಗ್ ವೈನಿ ಎಂದು ಕರೆಯುತ್ತಿದ್ದರು. ವೈನಿ ಎಂದರೆ ಅಣ್ಣನ ಹೆಂಡತಿ, ಗೌರವದ ಮಾತೇ. ಹಿಂದೆ ವೆಲ್ಡಿಂಗ್ ಹತ್ತಿದ ಮೇಲೆ ಗೌರವ ಎಷ್ಟು ಉಳಿಯಿತು ಎಂದು ಕೇಳಬಾರದು. ಕುರ್ಚಿ ಬೇಕೆಂದರೆ ವೈನಿ, ಟೆಂಪೊ ಬೇಕೆಂದರೆ ವೈನಿ, ಭಜಿ ಕರಿಯಲು ವೈನಿ. ಫೋಟೊದಲ್ಲಿ ಮಾತ್ರ ಅವಳ ಅರ್ಧ ತೋಳು ಒಂದು ಬದಿಗೆ ಕಾಣುತ್ತಿತ್ತು. ಕಡೆಗೆ, ಬರುವ ಸಂಕ್ರಾಂತಿಗೆ ಅವಳ ಪಾಳಿ ಎಂದಾಯಿತು. ಒಂದು ವರ್ಷ ನಡುವಿನ ಕುರ್ಚಿಯಲ್ಲಿ ಕೂರುವುದು, ಡಾಕ್ಟರರ ಹೆಂಡತಿ, ಪಂಪ್‌ಸೆಟ್ ಅಂಗಡಿಯವರ ಹೆಂಡತಿಯಂಥವರು ಎಡಬಲಕ್ಕೆ ಕೂರುವುದು. ಇದಕ್ಕಾಗಿ ಅವಳು ಎಷ್ಟು ಭಜಿ ಕರಿದಿದ್ದಳೋ ದೇವರಿಗೇ ಗೊತ್ತು. ಬೆಳಗಾವಿಯ ಶಹಾಪುರ ಪೇಟೆಗೆ ಹೋಗಿ ಸೀರೆ ತಂದಳು. ಎರಡೂ ಭಾಷೆಯಲ್ಲಿ ಭಾಷಣ ಕಲಿತು ಕನ್ನಡಿಯ ಮುಂದೆ ಒಪ್ಪಿಸುತ್ತಿದ್ದಳು.

ದೀಪಾವಳಿಗೆ ಮುಂಚೆ ನಾನು ಬಿದ್ದೆ. ಶೆಡ್ಡಿನಲ್ಲಿ ಗೇಟೊಂದನ್ನು ಎತ್ತಿ ನಿಲ್ಲಿಸುವಾಗ ಎದೆಯ ಮೇಲೆ ಯಾರೋ ಕೂತಂತಾಯಿತು. ಗ್ಯಾಸು ಇರಬೇಕೆಂದು ಹಿಡಿದ ಕೆಲಸ ಮುಗಿಸಿದೆ. ಆಮೇಲೆ ಕೂತೆ, ಏಳಲು ಆಗಲಿಲ್ಲ. ದವಾಖಾನೆಯಲ್ಲಿ ಸ್ಟೆಂಟ್ ಹಾಕಿದರು. ಹೃದಯಕ್ಕೆ ಮೊದಲಿನ ತಾಕತ್ತು ಇಲ್ಲ, ಭಾರ ಎತ್ತಬಾರದು, ಮನೆಯಲ್ಲಿ ಬಿದ್ದಿರಬೇಕು ಎಂದರು. ಕಬ್ಬಿಣ ಎತ್ತಿಯೇ ಮನುಷ್ಯನಾದವನಿಗೆ ಇದನ್ನು ಒಬ್ಬ ಮೀಸೆ ಮೂಡದ ಡಾಕ್ಟರು ಹೇಳಿದ.

ಸಂಘದವರು ಗುಂಪಾಗಿ ನೋಡಲು ಬಂದರು. ಸೇಬು ಬಂತು, ಮೋಸಂಬಿ ಬಂತು. ಆಗಿನ ಅಧ್ಯಕ್ಷೆ ಡಾಕ್ಟರರ ಹೆಂಡತಿ, ಸಂಸಾರ ಮಾಡಿಯೇ ಅರ್ಧ ಡಾಕ್ಟರಾದವರು. ಅವರು ನನ್ನ ಮುಖ ನೋಡಲಿಲ್ಲ. ಚಾದರದ ಹೊರಗೆ ಚಾಚಿದ್ದ ನನ್ನ ಪಾದ ನೋಡಿದರು, ಬಾತಿದೆಯೋ ಇಲ್ಲವೋ ಎಂದು. ಅವರ ಬಾಜೂಕ್ಕೆ ಪಂಪ್‌ಸೆಟ್ ಅಂಗಡಿಯವರ ಹೆಂಡತಿ ಕೂತಿದ್ದರು. ಪಾಳಿಯಲ್ಲಿ ನನ್ನ ಹೆಂಡತಿಯ ನಂತರದವರು.

"ಮಲಗಿದ್ರ ಉಸರ ಹತ್ತತೈತೇನ್ರಿ, ಅಣ್ಣಾರ?" ಎಂದು ಡಾಕ್ಟರರ ಹೆಂಡತಿ ಕೇಳಿದರು.

"ಮಂದಿ ಬಂದಾಗ ಹತ್ತತೈತ್ರಿ," ಎಂದೆ.

ಎಲ್ಲರೂ ನಕ್ಕರು. ಪಂಪ್‌ಸೆಟ್‌ನವರು ಮಾತ್ರ ನಗಲಿಲ್ಲ, ಅವರು ಕ್ಯಾಲೆಂಡರ್ ನೋಡುತ್ತಿದ್ದರು. ಚಿಂತಿ ಮಾಡಬ್ಯಾಡ್ರಿ ವೈನಿ, ಸಂಕ್ರಾಂತಿ ಇನ್ನ ದೂರ ಐತಿ, ಅಷ್ಟರಾಗ ಏನರೆ ಒಂದು ಆಗೇ ಆಗತೈತಿ ಎಂದು ನನ್ನ ಹೆಂಡತಿಗೆ ಸಮಾಧಾನ ಹೇಳಿದರು. ಆರಾಮಾಗುತ್ತದೆ ಎಂಬ ಒಂದು ಶಬ್ದ ಅವರ ಬಾಯಿಂದ ಬರಲಿಲ್ಲ.

ನನ್ನ ಹೆಂಡತಿ ಆ ದಿನಗಳಲ್ಲಿ ನನ್ನನ್ನು ನೋಡಿಕೊಂಡ ಹಾಗೆ ಹೆತ್ತ ತಾಯಿಯೂ ನೋಡಿಕೊಂಡಿರಲಿಲ್ಲ. ಗುಳಿಗೆ ಹೊತ್ತು ತಪ್ಪುತ್ತಿರಲಿಲ್ಲ. ಬೆಳಗ್ಗೆ ಕಣ್ಣು ಬಿಡುವಷ್ಟರಲ್ಲಿ ನನ್ನ ಮೂಗಿನ ಹತ್ತಿರ ಅವಳ ಅಂಗೈ ಇರುತ್ತಿತ್ತು. ಉಸಿರು ತಾಗಿದ ಮೇಲೆ ಚಹಾಕ್ಕೆ ಇಡಲು ಹೋಗುತ್ತಿದ್ದಳು. ಒಂದು ದಿನ ಸಿಟ್ಟು ಬಂದು, ಶೆಡ್ಡಿನಲ್ಲಿ ಕೆಲಸದವರು ಟೊಳ್ಳು ವೆಲ್ಡಿಂಗ್ ಮಾಡಿ ನನ್ನ ಹೆಸರು ಕೆಡಿಸುತ್ತಿದ್ದಾರೆ, ನಾನು ಹೋಗಲೇಬೇಕು ಎಂದು ಹಟ ಹಿಡಿದೆ.

"ಸಂಕ್ರಾಂತಿ ಆಗಲಿ," ಎಂದಳು. "ಆಮ್ಯಾಲ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ."

"ಆಮ್ಯಾಲ ಸಾಯಬೌದೇನು?"

"ಆಮ್ಯಾಲಿಂದ ಆಮ್ಯಾಲ ನೋಡೂಣು."

ನಗಲಿಲ್ಲ ಅವಳು. ಮೋಸಂಬಿ ಸುಲಿಯುತ್ತಲೇ ಇದ್ದಳು.

ಅಷ್ಟಕ್ಕೆ ಮುಗಿಯಲಿಲ್ಲ. ಡಾಕ್ಟರರ ಹೆಂಡತಿ ಒಂದು ಮಧ್ಯಾಹ್ನ ಒಬ್ಬರೇ ಬಂದು, ಮೆತ್ತಗಿನ ದನಿಯಲ್ಲಿ, ತಮಗೇನೂ ಅಡ್ಡಿಯಿಲ್ಲ, ಬೇರೆಯವರು ಮಾತಾಡುತ್ತಿದ್ದಾರೆ ಎಂದು ಶುರುಮಾಡಿದರು. ಈ ಸಂಕ್ರಾಂತಿಗೆ ಉಡಿ ತುಂಬಿಸಿಕೊಂಡವಳೇ ಮುಂದಿನ ಸಂಕ್ರಾಂತಿಗೆ ಇನ್ನೊಬ್ಬಳ ಉಡಿ ತುಂಬಬೇಕು. ನಡುವೆ ಹೆಚ್ಚುಕಡಿಮೆ ಆದರೆ ತುಂಬುವವರು ಯಾರು? ನೂರು ಮುತ್ತೈದೆಯರ ಸಂಘಕ್ಕೆ ಅಪಶಕುನ ಅಲ್ಲವೇ? ಅಂದರೆ ನಾನು ಒಂದು ಸಂಕ್ರಾಂತಿ ದಾಟಿದರೆ ಸಾಲದು, ಎರಡು ದಾಟಬೇಕು. ಊರವರ ಗೇಟಿಗೆ ಗ್ಯಾರಂಟಿ ಕೊಡುತ್ತಿದ್ದವನು ನಾನು. ನನ್ನ ಮನೆಯಲ್ಲೇ ಕೂತು ನನ್ನ ಗ್ಯಾರಂಟಿ ಕೇಳಿದರು.

ಅವರು ಹೋದಮೇಲೆ ನನ್ನ ಹೆಂಡತಿ ಅವರ ಚಹಾದ ಕಪ್ಪು ತೊಳೆದಿಟ್ಟಳು. ಆಮೇಲೆ, ಖಾನಾಪುರದ ಮಶೀನು ಹಂಚುವ ಕಾರ್ಯಕ್ರಮಕ್ಕೆ ನೀವೂ ಬರಬೇಕು, ನಿಮ್ಮನ್ನು ಅವರು ಕಣ್ಣಾರೆ ನೋಡಬೇಕು ಎಂದಳು. ನನಗೂ ಅದೇ ಬೇಕಿತ್ತು. ಸೀಕು ಎಂದು ನೋಡುವ ಕಣ್ಣುಗಳ ಮುಂದೆ ಒಮ್ಮೆ ನೆಟ್ಟಗೆ ನಿಂತು ತೋರಿಸಬೇಕಿತ್ತು.

ಕೂದಲಿಗೆ, ಮೀಸೆಗೆ ಅವಳೇ ಕಪ್ಪು ಹಚ್ಚಿದಳು. ಅಂಗಿ ಸಡಿಲಾಗಿದ್ದರಿಂದ ಒಳಗೆ ಸ್ವೆಟರ್ ತೊಡಿಸಿದಳು, ಎದೆ ತುಂಬಿ ಕಾಣಲಿ ಎಂದು. ಕಾರಿನಲ್ಲಿ ಖಾನಾಪುರ ಮುಟ್ಟುವಷ್ಟರಲ್ಲಿ ಬೆವತಿದ್ದೆ. ಸಭಾಗೃಹದಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಮಶೀನು ಪಡೆಯುವ ಹೆಣ್ಣುಮಕ್ಕಳು ಒಂದು ಬದಿಗೆ ಬೆಂಚಿನ ಮೇಲೆ ಕೂತಿದ್ದರು, ನಂದಗಡದಿಂದ, ಸುತ್ತಿನ ಹಳ್ಳಿಗಳಿಂದ ಬಂದವರು. ಅಲ್ಲಿ ಒಂದು ರೂಢಿ ಇದೆ. ಒಬ್ಬೊಬ್ಬಳೂ ಮೈಕಿನ ಮುಂದೆ ಬಂದು ಗಂಡ ಹೇಗೆ ಸತ್ತ ಎಂದು ಹೇಳಿದ ಮೇಲೇ ಮಶೀನು. ಅಳು ಬಂದರೆ ಫೋಟೊ ಬೇಗ ಆಗುತ್ತದೆ. ಬಾರದಿದ್ದರೆ ಫೋಟೊದವನು ಕಾಯುತ್ತಾನೆ. ಅಕ್ಕೋರು ಅವರ ಜೊತೆ ಅದೇ ಬೆಂಚಿನ ತುದಿಯಲ್ಲಿ ಕೂತಿದ್ದರು, ಸಲಹೆಗಾರರಿಗೆ ವೇದಿಕೆಯ ಮೇಲೆ ಕುರ್ಚಿ ಕಡಿಮೆ ಬಿದ್ದಿತ್ತು.

"ಎದ್ದು ಒಂದೀಟು ಅಡ್ಡಾಡ್ರಿ," ಎಂದು ನನ್ನ ಹೆಂಡತಿ ಹಿಂದಿನಿಂದ ಬಂದು ಕಿವಿಯಲ್ಲಿ ಹೇಳಿದಳು. "ಗೂಟಾ ಬಡದಂಗ ಕುಂತ್ರ ಏನ ತಿಳಕೋತಾರ."

ಎದ್ದೆ. ಅಡ್ಡಾಡುವುದೇನು, ನಂದಗಡದ ಒಬ್ಬ ಹುಡುಗಿಯ ಹೆಸರು ಕೂಗಿದಾಗ, ಟೆಂಪೊದವನು ತಂದಿಟ್ಟಿದ್ದ ಮಶೀನನ್ನು ನಾನೇ ಎತ್ತಿದೆ. ಯಾರೂ ಹೇಳಿರಲಿಲ್ಲ. ಮಶೀನಿನ ತಲೆ ಎಂದರೆ ಬೀಡು ಕಬ್ಬಿಣ, ಅದರ ತೂಕ ನನ್ನ ಕೈಗೆ ಗೊತ್ತು. ಎದೆಗೆ ಒತ್ತಿ ಹಿಡಿದು, ಮೆಟ್ಟಿಲು ಹತ್ತಿ, ವೇದಿಕೆಯ ಮೇಜಿನ ಮೇಲೆ ಸಪ್ಪಳವಾಗದಂತೆ ಇಟ್ಟು, ತಿರುಗಿ ನೆಟ್ಟಗೆ ನಿಂತೆ. ಚಪ್ಪಾಳೆ ಬಿತ್ತು. ನನ್ನ ಹೆಂಡತಿಯ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ. ಪಂಪ್‌ಸೆಟ್‌ನವರು ಸೆರಗು ಸರಿಮಾಡಿಕೊಂಡರು.

ಮೈಕಿನ ಮುಂದೆ ನಿಂತಿದ್ದ ಆ ಹುಡುಗಿ ತನ್ನ ಕಷ್ಟ ಹೇಳುವುದನ್ನು ಬಿಟ್ಟು ನನ್ನ ಕಡೆ ನೋಡಿದಳು.

"ಕಾಕಾ, ಕುಂದರ್ರಿ ನೀವು," ಎಂದಳು. "ತುಟಿ ಕಪ್ಪಾಗ್ಯಾವ ನೋಡ್ರಿ. ನಮ್ಮವರಿಗೂ ಹಿಂಗ ಆಗತಿತ್ತು. ಚೀಲಾ ಎತ್ತಿಟ್ಟು ಹಿಂಗ ನಿಂದರತಿದ್ರು."

ಮೈಕು ಚಾಲೂ ಇತ್ತು. ಸಭಾಗೃಹದ ಕಡೆಯ ಮೂಲೆಯವರೆಗೂ ಕೇಳಿಸಿತು. ಆ ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು, ಫೋಟೊದವನು ಕ್ಲಿಕ್ ಮಾಡಿದ. ಅವಳು ಆಡಿದ್ದು ಅಂತಃಕರಣದ ಮಾತು. ಅಲ್ಲಿದ್ದ ಯಾರೂ ಅಷ್ಟು ಅಂತಃಕರಣದಿಂದ ನನ್ನನ್ನು ನೋಡಿರಲಿಲ್ಲ, ನನ್ನ ಹೆಂಡತಿಯನ್ನೂ ಸೇರಿಸಿ. ನಾನು ಕೂತೆ. ಕೂತದ್ದಲ್ಲ, ಕಾಲುಗಳು ತಾವೇ ಮಡಚಿಕೊಂಡವು. ಯಾರೋ ಕುರ್ಚಿ ಕೊಟ್ಟರು.

ತಿರುಗಿ ಬರುವಾಗ ಕಾರಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಊರು ಹತ್ತಿರ ಬಂದಾಗ, ಆ ಹುಡುಗಿಗೆ ಮಶೀನು ಕೊಟ್ಟದ್ದೇ ತಪ್ಪಾಯಿತು ಎಂದಳು.

ಸಂಘದ ಸಭೆ ನಮ್ಮ ಮನೆಯಲ್ಲೇ ಇಟ್ಟುಕೊಂಡರು. ವೈನಿಗೆ ಪೇಷಂಟನ್ನು ಬಿಟ್ಟು ಬರಲು ತೊಂದರೆಯಾಗಬಾರದು ಎಂಬ ಕಾಳಜಿ. ನಾನು ಒಳಕೋಣೆಯಲ್ಲಿ ಮಲಗಿದ್ದೆ, ನಡುವೆ ಒಂದು ಪರದೆ. ಪಾಪ, ಅವಳಿಗೆ ಮೊದಲೇ ಮೈತುಂಬ ಕೆಲಸ, ಮೇಲೆ ಅಧ್ಯಕ್ಷಗಿರಿಯ ಹೊರೆ ಯಾಕೆ ಎಂದು ಒಬ್ಬರು. ಪಾಳಿ ಎಲ್ಲಿಗೆ ಹೋಗುತ್ತದೆ, ಅಣ್ಣಾರು ಗಟ್ಟಿಯಾದ ಮೇಲೆ ಕೊಟ್ಟರಾಯಿತು ಎಂದು ಇನ್ನೊಬ್ಬರು. ನಿನಗೆ ಇಲ್ಲ ಎಂಬ ಮಾತನ್ನು ತಮ್ಮ ಬಾಯಿಂದ ಆಡಲು ಯಾರಿಗೂ ಧೈರ್ಯವಿಲ್ಲ. ಕಡೆಗೆ ಡಾಕ್ಟರರ ಹೆಂಡತಿ, ಸಲಹೆಗಾರರು ಇದ್ದಾರಲ್ಲ, ಅವರು ಹೇಳಿದಂತೆ ಮಾಡೋಣ ಎಂದರು. ಇಷ್ಟು ವರ್ಷದಲ್ಲಿ ಅಕ್ಕೋರನ್ನು ಸಲಹೆ ಕೇಳಿದ್ದು ಅದೇ ಮೊದಲು.

ನನ್ನ ಹೆಂಡತಿಗೆ ತಡೆದುಕೊಳ್ಳಲು ಆಗಲಿಲ್ಲ.

"ಅಕ್ಕೋರ, ನೀವರೆ ಹೇಳ್ರಿ," ಎಂದಳು. "ಉಡಿ ಯಾಕ ಬೇಕು? ಸೇವಾ ಸಂಘ ನಮ್ಮದು. ಒಂದು ಹಾರಾ ಹಾಕಿದ್ರ ಸಾಲೂದಿಲ್ಲೇನು?"

ಪರದೆಯ ಆಚೆಯಿಂದ ಅಕ್ಕೋರ ದನಿ ಬಂತು, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿ.

"ಸಾಲತೈತಿ ತಂಗಿ. ಸಾಲತೈತಿ ಅಂತ ನಾನೂ ಅಂದಿದ್ದೆ. ಈಗ ನಿನಗ ಹಾರಾ ಹಾಕಿದ್ರ, ನನಗ್ಯಾಕ ಹಾಕಲಿಲ್ಲ ಅಂತ ನಾನು ಕೇಳಬೇಕಾಗತೈತಿ. ಯಾರರೆ ಉತ್ತರಾ ಕೊಡ್ರಿ, ಹಾರಾ ನಾನ ತರತೀನಿ."

ಯಾರೂ ಕೊಡಲಿಲ್ಲ. ಅಕ್ಕೋರು ಕಾದರು. ಒಂದು ಮಾತು, ಆವತ್ತು ನಮ್ಮದು ತಪ್ಪಾಯಿತು ಎಂಬ ಒಂದೇ ಮಾತು ಬಂದಿದ್ದರೆ ನನ್ನ ಹೆಂಡತಿಗೆ ಕುರ್ಚಿ ಸಿಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಅವಳ ಬಳೆಯ ಸಪ್ಪಳ ಕೇಳಿಸಿತು, ಎದ್ದಳೇನೋ ಎಂದುಕೊಂಡೆ. ಚಹಾದ ಕಪ್ಪು ಎತ್ತುತ್ತಿದ್ದಳು.

"ಹಂಗಾರ ಪದ್ಧತಿ ಪ್ರಕಾರ ನಡೀರಿ," ಎಂದು ಹೇಳಿ ಅಕ್ಕೋರು ಹೊರಟರು.

ಓಣಿಯಲ್ಲಿ ಕೆಲವರು ಅಕ್ಕೋರು ಸೇಡು ತೀರಿಸಿಕೊಂಡರು ಎಂದರು. ತೀರಿಸಿಕೊಂಡರೆ ತೀರಿಸಿಕೊಳ್ಳಲಿ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಅಷ್ಟು ಮೆತ್ತಗೆ ಹೇಳುತ್ತಿರಲಿಲ್ಲ. ಕುರ್ಚಿ ಹೋದದ್ದು ನನ್ನ ಮನೆಯದು ಎಂಬುದಕ್ಕೆ ನ್ಯಾಯ ಬದಲಾಗುವುದಿಲ್ಲ.

ಸಂಕ್ರಾಂತಿಯ ದಿನ ನನ್ನ ಹೆಂಡತಿ ಶಹಾಪುರದ ಅದೇ ಸೀರೆ ಉಟ್ಟು ಹೋದಳು. ಹೋಗದಿದ್ದರೆ ಸಿಟ್ಟಾಗಿ ಕೂತಿದ್ದಾಳೆ ಎನ್ನುತ್ತಾರೆ, ಆ ಮಾತು ಅವಳಿಗೆ ಬೇಡ. ಪಂಪ್‌ಸೆಟ್ ಅಂಗಡಿಯವರ ಹೆಂಡತಿಯ ಉಡಿ ತುಂಬುವಾಗ ಅಕ್ಕಿ ಕಾಯಿ ಇಟ್ಟ ತಾಟನ್ನು ಹಿಡಿಯುವ ಮಾನವನ್ನು ಇವಳಿಗೆ ಕೊಟ್ಟರಂತೆ. ನಿಮ್ಮ ಕೈಲೇ ಆಗಲಿ ವೈನಿ, ನೀವೂ ಇನ್ನೂ ಮುತ್ತೈದೆಯರೇ ಎಂದರಂತೆ. ಪೂರ್ತಿ ಮುಗಿಯುವ ತನಕ ಹಿಡಿದು ನಿಂತಳಂತೆ. ಇದನ್ನೆಲ್ಲ ಹೇಳಿದ್ದು ಪಕ್ಕದ ಮನೆಯವರು. ಅವಳು ಮನೆಗೆ ಬಂದು, ಹಬ್ಬದ ರೂಢಿಯಂತೆ ನನ್ನ ಅಂಗೈಯಲ್ಲಿ ಒಂದು ಚಿಟಿಕೆ ಎಳ್ಳುಬೆಲ್ಲ ಇಟ್ಟಳು.

"ಅಕ್ಕೋರದು ಗಂಡ ಸತ್ತ ಮ್ಯಾಲ ಹೋತು," ಎಂದಳು. "ನಂದು ಗಂಡ ಇರೂವಾಗ ಹೋತು."

ಮುಂದಿನ ವರ್ಷ ಇದೆಯಲ್ಲ ಎಂದೆ. ಇದೆ, ಸಂಕ್ರಾಂತಿ ಪ್ರತಿ ವರ್ಷವೂ ಬರುತ್ತದೆ ಎಂದಳು. ನಾನು ಬರುತ್ತೇನೋ ಇಲ್ಲವೋ ಎಂಬುದನ್ನು ಅಲ್ಲಿಗೇ ಬಿಟ್ಟು ಸೀರೆ ಬದಲಿಸಲು ಹೋದಳು.

ಮರುದಿನ ಬೆಳಗ್ಗೆ ನನ್ನ ಮೂಗಿನ ಹತ್ತಿರ ಅವಳ ಕೈ ಇರಲಿಲ್ಲ. ಎದ್ದು ನಾನೇ ನೀರು ಕಾಸಿಕೊಂಡು ಮಿಂದೆ, ಕೆಲಸದ ಅಂಗಿ ಹಾಕಿಕೊಂಡೆ. ಶೆಡ್ಡಿಗೆ ಹೊರಟೆ ಎಂದು ಅಡುಗೆಮನೆಗೆ ಕೇಳಿಸುವಂತೆ ಹೇಳಿದೆ. ಬೇಡ ಎನ್ನುತ್ತಾಳೋ ಎಂದು ಚಪ್ಪಲಿ ಮೆಟ್ಟುವಾಗ ತುಸು ತಡ ಮಾಡಿದೆ.

"ಹೊಳ್ಳಿ ಬರೂವಾಗ ಗಿರಣ್ಯಾಗ ಹಿಟ್ಟಿನ ಚೀಲ ಐತಿ," ಎಂದಳು ಒಳಗಿನಿಂದ. "ಹೊತ್ಕೊಂಡ ಬರ್ರಿ."

ಉದ್ಯಮಬಾಗಕ್ಕೆ ಹೋದೆ. ಕೆಲಸದವರಿಗೆ ಎರಡು ಬೈದು, ಒಂದು ಗೇಟಿನ ಟೊಳ್ಳು ವೆಲ್ಡಿಂಗ್ ಒಡೆಸಿ ಹೊಸದಾಗಿ ಮಾಡಿಸಿದೆ. ಸಂಜೆ ಗಿರಣಿಯಲ್ಲಿ ಚೀಲ ಹೆಗಲಿಗೇರಿಸುವಾಗ ಗಿರಣಿಯವನು, ರಿಕ್ಷಾ ಕರೀಲೇನ್ರಿ ಎಂದು ಕೇಳಿದ. ಬೇಡ ಎಂದೆ. ಓಣಿಯುದ್ದಕ್ಕೂ ಹೊತ್ತು ತಂದೆ, ಪಂಪ್‌ಸೆಟ್ ಅಂಗಡಿಯವರ ಮನೆಯ ಮುಂದೆ ನಿಲ್ಲದೆ ಬಂದೆ. ಅಡುಗೆಮನೆಯ ಹೊಸ್ತಿಲಲ್ಲಿ ಇಳಿಸಿ ಗೋಡೆ ಹಿಡಿದು ನಿಂತೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಒಮ್ಮೆ ಚೀಲ ನೋಡಿದಳು, ಒಮ್ಮೆ ನನ್ನ ತುಟಿ ನೋಡಿದಳು.

"ಅಲ್ಲೆ ಬ್ಯಾಡ," ಎಂದಳು. "ಆ ಮೂಲ್ಯಾಗ ಇಡ್ರಿ."

ಎತ್ತಿ ಮೂಲೆಗೆ ಇಟ್ಟೆ.